ಗಾಜಿನ ತೊಟ್ಟಿಯಲ್ಲಿ ಸಮುದ್ರ

ಸಮುದ್ರವನ್ನು ಕಂಡವನಿಗೆ ಅದರಲ್ಲಿ ಒಂದಿಷ್ಟನ್ನು ಮನೆಗೆ ತರಬೇಕೆಂಬ ಆಶೆ ಹುಟ್ಟುವುದು ಸ್ವಾಭಾವಿಕ. ತೀರಕ್ಕೆ ಹೋದ ಬಾಲಕನು ಜೇಬಿನ ತುಂಬ ಚಿಪ್ಪುಗಳನ್ನು ತರುತ್ತಾನೆ. ಹಿರಿಯರು ಶಂಖವನ್ನು ತಂದು ದೇವರ ಮುಂದಿಡುತ್ತಾರೆ. ಆದರೆ ಚಿಪ್ಪೂ ಶಂಖವೂ ಜೀವವು ಹೋದಮೇಲೆ ಉಳಿದ ಕವಚಗಳು ಮಾತ್ರ. ಜೀವದಿಂದಿರುವ ಸಮುದ್ರವನ್ನೇ, ಅದರ ಮೀನು ಬಸವನಹುಳು ಹವಳಗಳೊಡನೆ, ನಡುಮನೆಯ ಮೂಲೆಯೊಂದರಲ್ಲಿ ಇರಿಸಿಕೊಳ್ಳಬಹುದೆ? ಸಿಹಿನೀರಿನ ಬಣ್ಣದ ಮೀನುಗಳನ್ನು ಸಾಕಿ ಅನುಭವವುಳ್ಳ ಅನೇಕ ಗೃಹಸ್ಥರು ಈಚೆಗೆ ನಮ್ಮನ್ನು ಹೀಗೆ ಕೇಳುತ್ತಿರುವರು. ಇರಿಸಿಕೊಳ್ಳಬಹುದೆಂಬುದೇ ನಮ್ಮ ಉತ್ತರ. ಆದರೆ ಅದಕ್ಕೆ ಬೇಕಾದ ಮುಖ್ಯ ಸಾಮಗ್ರಿಯು ಅಂಗಡಿಯಲ್ಲಿ ದೊರೆಯತಕ್ಕದ್ದಲ್ಲ, ಅದು ತಾಳ್ಮೆ. ಮೀನನ್ನು ಸಾಕಲು ಬಯಸುವವನು ಮೊದಲು ನೀರನ್ನು ಸಾಕಲು ಕಲಿಯಬೇಕು. ಈ ಲೇಖನದ ಸಾರವೆಲ್ಲವೂ ಇಷ್ಟೇ. ಮುಂದೆ ಬರುವುದು ಇದರ ವಿವರಣೆ.

ಮೊದಲು ಹವಳವೆಂದರೇನೆಂಬುದನ್ನು ತಿಳಿಯೋಣ. ಅಮರಕೋಶದಲ್ಲಿ ಇದಕ್ಕೆ ವಿದ್ರುಮವೆಂದೂ ಪ್ರವಾಳವೆಂದೂ ಹೆಸರುಗಳುಂಟು. ದ್ರುಮವೆಂದರೆ ಮರ, ಪ್ರವಾಳವೆಂಬುದಕ್ಕೆ ಎಳೆಯ ಚಿಗುರೆಂಬ ಅರ್ಥವೂ ಇದೆ. ಹೆಸರಿಟ್ಟವರು ಇದನ್ನು ಸಮುದ್ರದಲ್ಲಿ ಬೆಳೆಯುವ ಸಸ್ಯವೆಂದೇ ಭಾವಿಸಿದಂತೆ ತೋರುತ್ತದೆ. ಪಾಶ್ಚಾತ್ಯ ಪಂಡಿತರೂ ಬಹುಕಾಲ ಹಾಗೆಯೇ ತಿಳಿದಿದ್ದರು. ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ ಪೈಸೊನೆಲ್ ಎಂಬ ಫ್ರೆಂಚ್ ವೈದ್ಯನು ಹವಳವು ಸಸ್ಯವಲ್ಲ, ಪ್ರಾಣಿಯೆಂದು ಸಾಧಿಸಿದಾಗ ವಿದ್ವಾಂಸರು ಮೊದಲು ನಂಬಲಿಲ್ಲ. ಆದರೆ ಅವನು ಹೇಳಿದುದೇ ನಿಜವಾಯಿತು. ಬಾಯಿಯೊಂದು, ಅದರ ಸುತ್ತ ಬೆರಳುಗಳಂತಹ ಅವಯವಗಳು, ಒಳಗೆ ಹೊಟ್ಟೆ; ಇಷ್ಟೇ ಇರುವ ಸಣ್ಣ ಸಣ್ಣ ಪ್ರಾಣಿಗಳು ಸಾವಿರಗಟ್ಟಲೆ ಒಂದಕ್ಕೊಂದು ಅಂಟಿಕೊಂಡು, ತಮ್ಮ ಕೆಳಗೆ ಸುಣ್ಣದ ಕಲ್ಲನ್ನು ಕಟ್ಟುತ್ತ ಹೋಗುವುವು. ಸಮುದ್ರದೊಳಗಿನ ಹವಳದ ದಿಬ್ಬಗಳು ಈ ಕೂಲಿಗಾರರ ಕಟ್ಟಡಗಳು. ನವರತ್ನಗಳಲ್ಲಿ ಸೇರಿದ ಕೆಂಪು ಹವಳವು ಈ ಕುಲದ ದೂರದ ಬಂಧು. ದಿಬ್ಬಗಳನ್ನು ಕಟ್ಟುವುದು ಅದರ ಕೆಲಸವಲ್ಲ.

ಇನ್ನೊಂದು ಆಶ್ಚರ್ಯವುಂಟು. ದಿಬ್ಬ ಕಟ್ಟುವ ಹವಳದ ಮಾಂಸದೊಳಗೆ ಬರಿಗಣ್ಣಿಗೆ ಕಾಣದ ಪಾಚಿಯ ಕಣಗಳು ವಾಸಿಸುವುವು. ಅವು ಬೆಳಕಿನ ಸಹಾಯದಿಂದ ಆಹಾರವನ್ನು ತಯಾರಿಸಿ, ಅದರಲ್ಲಿ ಬಹುಭಾಗವನ್ನು ತಮಗೆ ಆಶ್ರಯವಿತ್ತ ಹವಳಕ್ಕೆ ಒಪ್ಪಿಸುವುವು. ನೀರು ಕೆಲವು ವಾರಗಳ ಕಾಲ ಮಿತಿಮೀರಿ ಬಿಸಿಯಾದರೆ ಈ ಸ್ನೇಹವು ಮುರಿದು, ಪಾಚಿಯು ಹೊರಬಿದ್ದು, ಹವಳವು ಬೆಳ್ಳಗಾಗಿ ಕಡೆಗೆ ಹಸಿವಿನಿಂದ ಸಾಯುವುದು. ಈಗ ಲೋಕದ ಸಮುದ್ರಗಳಲ್ಲೆಲ್ಲ ನಡೆಯುತ್ತಿರುವ ಅನಾಹುತವು ಇದೇ. ಮನೆಯ ತೊಟ್ಟಿಯಲ್ಲಿ ಬೆಳಕು, ಶಾಖ, ನೀರಿನ ಶುದ್ಧಿ ಈ ಮೂರನ್ನೂ ಏಕರೀತಿಯಾಗಿ ಕಾಪಾಡಬೇಕೆಂದು ಬಲ್ಲವರು ಹೇಳುವುದು ಈ ಕಾರಣದಿಂದಲೇ.

ಈ ಹವ್ಯಾಸವು ಹುಟ್ಟಿದ ಬಗೆಯನ್ನೂ ತಿಳಿದಿರುವುದು ಒಳ್ಳೆಯದು. ೧೮೪೬ರಲ್ಲಿ ಆನಾ ಥಿನ್ ಎಂಬ ಆಂಗ್ಲ ಗೃಹಿಣಿಯು ಟಾರ್ಕಿ ಎಂಬ ಕಡಲೂರಿನಿಂದ ಕೆಲವು ಜೀವಂತ ಹವಳಗಳನ್ನು ಲಂಡನ್ನಿನ ತನ್ನ ಮನೆಗೆ ತಂದಳು. ಆಗ ವಿದ್ಯುತ್ತಿನ ಯಂತ್ರಗಳಿರಲಿಲ್ಲ. ನೀರಿಗೆ ಗಾಳಿ ಸೇರಲೆಂದು ಮನೆಯ ಸೇವಕಿಯು ತೆರೆದ ಕಿಟಕಿಯ ಮುಂದೆ ನಿಂತು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಆ ನೀರನ್ನು ಸುರಿಯುತ್ತಿದ್ದಳು, ನಮ್ಮ ಮನೆಗಳಲ್ಲಿ ಕಾಫಿಯನ್ನು ಎತ್ತಿ ಹೊಯ್ಯುವಂತೆ. ಮುಂದಿನ ವರ್ಷ ಆಕೆಯು ಕಡಲಪಾಚಿಯನ್ನೂ ಸೇರಿಸಿದಳು. ಹವಳಗಳು ವರ್ಷಗಟ್ಟಲೆ ಬದುಕಿದುವು. ೧೮೫೩ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಲೋಕದ ಮೊದಲನೆಯ ಸಾರ್ವಜನಿಕ ಮತ್ಸ್ಯಾಲಯವು ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿಶಾಸ್ತ್ರಜ್ಞನು ಬರೆದ ಗ್ರಂಥದಿಂದ 'ಅಕ್ವೇರಿಯಂ' ಎಂಬ ಮಾತು ಮನೆಮಾತಾಯಿತು. ಆಮೇಲೆ ಆದುದೇನು? ಜನರು ಗುಂಪುಗುಂಪಾಗಿ ತೀರಕ್ಕೆ ಮುತ್ತಿ, ಬಂಡೆಗಳ ಸಂದಿನ ಕೊಳಗಳಲ್ಲಿದ್ದುದನ್ನೆಲ್ಲ ಬಾಚಿ ಮನೆಗೊಯ್ದರು. ಆ ಕೊಳಗಳ ಸೌಂದರ್ಯವು ತನ್ನ ತಂದೆಯ ಪುಸ್ತಕಗಳನ್ನು ಓದಿ ಬಂದವರ ಕೈಯಿಂದಲೇ ಹಾಳಾಯಿತೆಂದು ಗಾಸನ ಮಗ ಎಡ್ಮಂಡನು ೧೯೦೭ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಮರುಗಿರುವನು. ಪ್ರೀತಿಯೂ ವಿವೇಕವಿಲ್ಲದಿದ್ದರೆ ಲೂಟಿಯಾಗುವುದೆಂಬುದಕ್ಕೆ ಇದೊಂದು ನಿದರ್ಶನ.

ಆದಕಾರಣ ಏನನ್ನೂ ಕೊಳ್ಳುವುದಕ್ಕೆ ಮೊದಲು ನಮ್ಮ ದೇಶದ ಕಾನೂನನ್ನು ತಿಳಿಯತಕ್ಕದ್ದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ, ಎಂದರೆ ಹುಲಿಯೂ ಆನೆಯೂ ಇರುವ ಪಟ್ಟಿಯಲ್ಲಿ, ೨೦೦೧ರಿಂದ ಕಲ್ಲುಹವಳಗಳೆಲ್ಲವೂ ಸೇರಿವೆ. ಕರಿಹವಳ, ಬೆಂಕಿಹವಳ, ಬೀಸಣಿಗೆಯಾಕಾರದ ಹವಳ, ಕಡಲಕುದುರೆ ಇವುಗಳಿಗೂ ಅದೇ ರಕ್ಷಣೆ. ಅವುಗಳನ್ನು ಹಿಡಿಯುವುದು ಮಾರುವುದು ಮಾತ್ರವಲ್ಲ, ಇಟ್ಟುಕೊಳ್ಳುವುದೂ ಅಪರಾಧವು. ಮೂರು ವರ್ಷಕ್ಕೆ ಕಡಮೆಯಿಲ್ಲದಂತೆ ಏಳು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಬಹುದು. ತೀರದಲ್ಲಿ ಬಿದ್ದಿರುವ ಸತ್ತ ಹವಳದ ತುಂಡನ್ನು ಅಲಂಕಾರಕ್ಕೆಂದು ಆಯ್ದು ತರುವುದೂ ಸಲ್ಲದು. ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ನಮ್ಮ ನಾಡಿನದೇ ಹವಳಗಳುಂಟು. ಅವನ್ನು ನೀರಿನೊಳಗೆ ಮುಳುಗಿ ನೋಡಿ ಬರಬಹುದು, ಕಿತ್ತು ತರಕೂಡದು. 'ಎಲ್ಲರೂ ಮಾರುತ್ತಾರೆ, ಯಾರೂ ಕೇಳುವುದಿಲ್ಲ' ಎಂದು ವ್ಯಾಪಾರಿಯು ಹೇಳಿದರೆ ಆ ಅಂಗಡಿಯ ಮೆಟ್ಟಲನ್ನು ಇಳಿದುಬರುವುದೇ ಗೃಹಸ್ಥನಿಗೆ ಶ್ರೇಯಸ್ಸು.

ಹಾಗಾದರೆ ತೊಟ್ಟಿಯಲ್ಲಿ ಇಡತಕ್ಕುದು ಏನು? ಸಮುದ್ರದಿಂದ ಕಿತ್ತ ಕಲ್ಲಿಗೆ ಬದಲಾಗಿ ಸುಟ್ಟ ಮಣ್ಣಿನಿಂದ ಮಾಡಿದ ರಂಧ್ರಮಯವಾದ ಕೃತಕ ಕಲ್ಲುಗಳು ದೊರೆಯುವುವು, ಅವೇ ಸಾಕು. ಹವಳದ ಆಶೆಯುಳ್ಳವರು ಕಾನೂನಿನ ಪಟ್ಟಿಯಲ್ಲಿ ಸೇರದ, ಕಲ್ಲು ಕಟ್ಟದ ಜಾತಿಗಳನ್ನು, ಅಣಬೆಯಂತೆ ಹರಡುವ ಅಣಬೆಹವಳದಂತಹವನ್ನು, ಸಾಕಿ ಬೆಳೆಸಿದವರಿಂದ ಪಡೆಯಬಹುದು. ಸಂಶಯವಿದ್ದರೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ರಸೀತಿಯನ್ನು ಜೋಪಾನವಾಗಿಡಬೇಕು. ಮೀನಿನ ವಿಷಯದಲ್ಲಿ ನಮಗೆ ಅನುಕೂಲವು ಹೆಚ್ಚು. ಕಿತ್ತಳೆ ಬಣ್ಣಕ್ಕೆ ಬಿಳಿಯ ಪಟ್ಟೆಗಳನ್ನು ಹೊತ್ತ, ೨೦೦೩ರ ಒಂದು ಚಲಚ್ಚಿತ್ರದಿಂದ ಮಕ್ಕಳಿಗೆಲ್ಲ ಪರಿಚಿತವಾದ ಕ್ಲೌನ್ ಮೀನನ್ನು ತೊಟ್ಟಿಗಳಲ್ಲಿಯೇ ಮರಿಮಾಡಿಸುವ ವಿದ್ಯೆಯು ನಮ್ಮ ದೇಶಕ್ಕೆ ಬಂದಿದೆ. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕೇರಳದ ವಿಳಿಂಜಂ ಮತ್ತು ತಮಿಳುನಾಡಿನ ಮಂಡಪಂ ಕೇಂದ್ರಗಳಲ್ಲಿ ಇದನ್ನು ಸಾಧಿಸಿರುವರು. ಲಕ್ಷದ್ವೀಪದ ಅಗತ್ತಿಯಲ್ಲಿ ಸ್ತ್ರೀಯರೇ ಅಲಂಕಾರದ ಕಡಲಜೀವಿಗಳನ್ನು ಬೆಳೆಸಿ ಜೀವನೋಪಾಯವನ್ನು ಕಂಡುಕೊಂಡಿರುವರು. ಹೊರದೇಶಗಳ ಕೆಲವು ಕಡಲುಗಳಲ್ಲಿ ಮೀನನ್ನು ಮೂರ್ಛೆಗೊಳಿಸಿ ಹಿಡಿಯಲು ಸಯನೈಡ್ ವಿಷವನ್ನು ಚಿಮುಕಿಸುವ ದುರಭ್ಯಾಸವುಂಟು. ಅದರಿಂದ ಅಕ್ಕಪಕ್ಕದ ಹವಳಗಳೂ ಸಾಯುವುವು. ಆದುದರಿಂದ 'ಇದು ಎಲ್ಲಿ ಹುಟ್ಟಿದ ಮೀನು?' ಎಂದು ಕೇಳುವುದು ಕೊಳ್ಳುವವನ ಮೊದಲ ಕರ್ತವ್ಯ.

ಇನ್ನು ತೊಟ್ಟಿ. ಹೊಸಬನು ಸಣ್ಣದಾದಷ್ಟೂ ಸುಲಭವೆಂದು ತಿಳಿಯುವನು. ಇದು ವಿಪರೀತವಾದ ತಿಳಿವಳಿಕೆ. ಹತ್ತು ಲೀಟರಿನ ಬಟ್ಟಲಲ್ಲಿ ಒಂದು ಬಸವನಹುಳು ಸತ್ತರೆ ನೀರೆಲ್ಲ ಕೆಡುವುದು. ನೂರು ಲೀಟರಿನಲ್ಲಿ ಅದು ಅಷ್ಟಾಗಿ ತಟ್ಟದು. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿಯು ಸುಮಾರು ೧೦೦ ಲೀಟರು ಹಿಡಿಯುವುದು; ಮೊದಲ ಪ್ರಯತ್ನಕ್ಕೆ ಇದು ತಕ್ಕ ಅಳತೆ. ಗಾಜು, ಕಲ್ಲು, ನೀರು ಎಲ್ಲವೂ ಸೇರಿ ೧೫೦ ಕಿಲೋಗ್ರಾಮಿಗೆ ಸಮೀಪವಾಗುವುದರಿಂದ ಊಟದ ಮೇಜಿನ ಮೇಲೆ ಇಡಲಾಗದು. ಗಟ್ಟಿಯಾದ, ಮಟ್ಟಸವಾದ ಪೀಠವಿರಬೇಕು. ಬಿಸಿಲು ನೇರವಾಗಿ ಬೀಳುವ ಕಿಟಕಿಯನ್ನೂ ಹೊಗೆ ಒಗ್ಗರಣೆಗಳ ಅಡಿಗೆಮನೆಯನ್ನೂ ಬಿಟ್ಟು ಸ್ಥಳವನ್ನು ಆರಿಸಬೇಕು. ವಿದ್ಯುತ್ತಿನ ತಂತಿಗಳು ಮೊದಲು ಕೆಳಕ್ಕೆ ಇಳಿದು ಬಳಿಕ ಮೇಲಕ್ಕೆ ಹೋಗಿ ಗೋಡೆಯ ಪ್ಲಗ್ಗನ್ನು ಸೇರುವಂತಿರಲಿ. ತಂತಿಯ ಮೇಲೆ ಜಾರುವ ಉಪ್ಪುನೀರು ಆ ತಗ್ಗಿನಲ್ಲಿಯೇ ತೊಟ್ಟಿಕ್ಕುವುದು, ಪ್ಲಗ್ಗಿಗೆ ಏರದು. ಉಪ್ಪುನೀರೂ ವಿದ್ಯುತ್ತೂ ಕೂಡಿದರೆ ಪ್ರಾಣಾಪಾಯವೆಂಬುದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿಡತಕ್ಕದ್ದು.

ನೀರಿನ ವಿಷಯವೇ ಮುಖ್ಯವಾದುದು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು ೩೫ ಗ್ರಾಂ ಲವಣಗಳು ಕರಗಿರುವುವು. ಇವುಗಳಲ್ಲಿ ನೂರಕ್ಕೆ ೮೫ ಪಾಲಿನಷ್ಟು ನಾವು ಉಣ್ಣುವ ಉಪ್ಪಿನ ಅಂಶಗಳಾದರೂ, ಉಳಿದ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಗಂಧಕದ ಲವಣ ಇವು ಇಲ್ಲದೆ ಕಡಲಜೀವಿ ಬದುಕದು. ಆದುದರಿಂದ ಅಡಿಗೆಯ ಉಪ್ಪು ಈ ಕೆಲಸಕ್ಕೆ ಬಾರದು; ಇದಕ್ಕಾಗಿಯೇ ತಯಾರಾದ ಲವಣಮಿಶ್ರಣವನ್ನು ಕೊಳ್ಳಬೇಕು. ಕೊಳವೆಬಾವಿಯ ಗಡುಸುನೀರೂ ಔಷಧಿ ಹಾಕಿದ ನಲ್ಲಿಯ ನೀರೂ ಬೇಡ, ಆರ್.ಓ. ಯಂತ್ರದಿಂದ ಶುದ್ಧಿಗೊಂಡ, ಅನಂತರ ಯಾವ ಖನಿಜವನ್ನೂ ಮರಳಿ ಬೆರಸದ ನೀರು ಬೇಕು. ನಮ್ಮ ಗೃಹಿಣಿಯರಿಗೆ ಇನ್ನೊಂದು ಎಚ್ಚರಿಕೆಯ ಮಾತು. ತಾಮ್ರದ ಹಂಡೆಯಲ್ಲಾಗಲಿ ಹಿತ್ತಾಳೆಯ ಬಿಂದಿಗೆಯಲ್ಲಾಗಲಿ ಈ ನೀರನ್ನು ತುಂಬಿಡಬಾರದು. ನಾವು ಆರೋಗ್ಯಕರವೆಂದು ಕುಡಿಯುವ ತಾಮ್ರದ ಪಾತ್ರೆಯ ನೀರು ಹವಳ, ಸಿಗಡಿ, ಬಸವನಹುಳುಗಳಿಗೆ ಅತಿ ಸ್ವಲ್ಪ ಪ್ರಮಾಣದಲ್ಲಿಯೂ ವಿಷ. ಆಹಾರಕ್ಕೆ ಉಪಯೋಗಿಸುವ ಪ್ಲಾಸ್ಟಿಕ್ ಬಕೆಟ್ಟೊಂದನ್ನು, ಸೋಪು ಸೋಕದಂತೆ, ಇದಕ್ಕಾಗಿಯೇ ಮೀಸಲಿಡುವುದು ಒಳ್ಳೆಯದು.

ನೀರಿಗೆ ಲವಣವನ್ನು ಹಾಕಿ, ಸಣ್ಣ ಪಂಪಿನಿಂದ ಒಂದು ದಿನ ಕಲಕುತ್ತಿದ್ದು, ಬಳಿಕ ಸಾಂದ್ರತೆಯನ್ನು ಅಳೆಯಬೇಕು. ಹೈಡ್ರೋಮೀಟರಿನಲ್ಲಿ ೧.೦೨೫ ಎಂದು ತೋರಿದರೆ ಸಮುದ್ರಕ್ಕೆ ಸರಿ. ಶಾಖವು ೨೫, ೨೬ ಡಿಗ್ರಿ ಸೆಂಟಿಗ್ರೇಡಿನಲ್ಲಿರಲಿ. ಬೆಂಗಳೂರು ಮೈಸೂರುಗಳ ಚಳಿಗಾಲದ ರಾತ್ರಿಗಳಲ್ಲಿ ಹೀಟರು ಬೇಕಾಗುವುದು. ಬಯಲುಸೀಮೆಯ ಚೈತ್ರ ವೈಶಾಖಗಳಲ್ಲಿ ನೀರಿನ ಮೇಲೆ ಸಣ್ಣ ಫ್ಯಾನನ್ನು ಬೀಸಿಸಬೇಕಾಗುವುದು. ಆಗ ನೀರು ಆವಿಯಾಗಿ ತಗ್ಗುತ್ತದೆ. ಇಲ್ಲಿ ಒಂದು ಸೂಕ್ಷ್ಮವುಂಟು: ಆವಿಯಾಗುವುದು ನೀರು ಮಾತ್ರ, ಲವಣವು ಉಳಿಯುವುದು. ೧೦೦ ಲೀಟರಿನಲ್ಲಿ ೫ ಲೀಟರು ಆವಿಯಾದರೆ ಲೀಟರಿಗೆ ೩೫ ಗ್ರಾಂ ಇದ್ದ ಲವಣವು ೩೭ರ ಸಮೀಪಕ್ಕೆ ಏರುವುದು. ಆದಕಾರಣ ತಗ್ಗಿದ ನೀರನ್ನು ಪ್ರತಿದಿನವೂ ಶುದ್ಧವಾದ ಸಿಹಿನೀರಿನಿಂದಲೇ ತುಂಬಬೇಕು, ಉಪ್ಪುನೀರಿನಿಂದಲ್ಲ. ಗಾಜಿನ ಹೊರಗೆ ಒಂದು ಗೆರೆಯನ್ನು ಎಳೆದಿಟ್ಟರೆ ಮನೆಯ ಮಗುವೂ ಈ ಕೆಲಸವನ್ನು ಮಾಡೀತು.

ತೊಟ್ಟಿಯಲ್ಲಿ ಕಲ್ಲನ್ನು ಜೋಡಿಸಿ, ಮರಳು ಹಾಸಿ, ನೀರು ತುಂಬಿ, ಪ್ರವಾಹವನ್ನುಂಟುಮಾಡುವ ಪಂಪನ್ನು ನಡೆಯಿಸಿದಮೇಲೆ ಕಠಿನವಾದ ಪರೀಕ್ಷೆಯು ಬರುತ್ತದೆ. ಅದೆಂದರೆ ಏನನ್ನೂ ಮಾಡದೆ ಕಾಯುವುದು. ಜೀವಿಗಳ ಮಲದಿಂದಲೂ ಉಳಿದ ಆಹಾರದಿಂದಲೂ ಅಮೋನಿಯಾ ಎಂಬ ವಿಷವು ಹುಟ್ಟುತ್ತದೆ. ಒಂದು ಬಗೆಯ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟನ್ನಾಗಿಯೂ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟನ್ನಾಗಿಯೂ ಮಾರ್ಪಡಿಸುವುವು. ಇಂತಹ ಜೀವಾಣುಗಳನ್ನು ರಷ್ಯಾ ದೇಶದ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿಯು ೧೮೯೦ರ ಸುಮಾರಿನಲ್ಲಿ ಬೇರ್ಪಡಿಸಿ ತೋರಿಸಿದನು. ಹೊಲದ ಮಣ್ಣಿನಲ್ಲಿ ಗೊಬ್ಬರವನ್ನು ಪಕ್ವಗೊಳಿಸುವುವೂ ಇವುಗಳ ಬಳಗವೇ. ಹೊಸ ತೊಟ್ಟಿಯಲ್ಲಿ ಇವು ಇರುವುದಿಲ್ಲ. ಸೀಸೆಯಲ್ಲಿ ದೊರೆಯುವ ಬೀಜವನ್ನು ಹಾಕಿ, ಅವುಗಳ ಆಹಾರಕ್ಕೆಂದು ಚಿಟಿಕೆ ಮೀನಿನ ತಿನಿಸನ್ನು ಉದುರಿಸಿ, ನಾಲ್ಕರಿಂದ ಆರು ವಾರ ಕಾಯಬೇಕು. ಪರೀಕ್ಷೆಯ ದ್ರಾವಣಗಳಿಂದ ಎರಡು ಮೂರು ದಿನಗಳಿಗೊಮ್ಮೆ ಅಳೆದರೆ ಮೊದಲು ಅಮೋನಿಯಾ ಏರಿ ಇಳಿಯುವುದೂ, ಆಮೇಲೆ ನೈಟ್ರೈಟು ಏರಿ ಇಳಿಯುವುದೂ, ಕಡೆಗೆ ನೈಟ್ರೇಟು ಮಾತ್ರ ಉಳಿಯುವುದೂ ಕಾಣುವುದು. ಮೊದಲಿನ ಎರಡೂ ಸೊನ್ನೆಯಾದಾಗಲೇ ತೊಟ್ಟಿಯು ಸಿದ್ಧವಾಯಿತೆಂದು ತಿಳಿಯಬೇಕು.

ಈ ಆರು ವಾರಗಳಲ್ಲಿಯೇ ಹೊಸಬರು ಸೋಲುವರು. ಮಕ್ಕಳು ದಿನವೂ ಮೀನು ಯಾವಾಗ ಬರುವುದೆಂದು ಪೀಡಿಸುವರು. ಬಂದ ನೆಂಟರು 'ಬರಿಯ ನೀರಿಗೆ ಇಷ್ಟು ಖರ್ಚೆ?' ಎಂದು ನಗುವರು. ಕಲ್ಲಿನ ಮೇಲೆ ಕಂದುಬಣ್ಣದ ಪಾಚಿಯು ಹಬ್ಬಿ ತೊಟ್ಟಿಯು ಕುರೂಪವಾಗುವುದು. ಹೆದರಬೇಕಾದುದಿಲ್ಲ, ಆ ಪಾಚಿಯು ಬರುವಂತೆಯೇ ಹೋಗುವುದು. ಅವಸರದಿಂದ ಮೂರನೆಯ ದಿನವೇ ಮೀನನ್ನು ಬಿಟ್ಟರೆ ಅದು ತನ್ನ ಮಲದ ವಿಷದಲ್ಲಿಯೇ ಉಸಿರುಗಟ್ಟಿ ಸಾಯುವುದು. ವರ್ಷಗಟ್ಟಲೆ ಬಾಳಬಹುದಾದ ಒಂದು ಜೀವವು ನಮ್ಮ ಆರು ವಾರಗಳ ಅಸಹನೆಗೆ ಬಲಿಯಾಗುವುದು ನ್ಯಾಯವೆ? ಈ ಅವಧಿಯಲ್ಲಿ ಮನೆಯ ಮಕ್ಕಳಿಗೆ ಒಂದು ಪುಸ್ತಕವನ್ನು ಕೊಟ್ಟು ದಿನಾಂಕ, ಶಾಖ, ಸಾಂದ್ರತೆ, ಅಮೋನಿಯಾಗಳ ಅಂಕಿಗಳನ್ನು ಬರೆಯಿಸುವುದು ನಮ್ಮ ಸಲಹೆ. ನಾವು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠಶಾಲೆಯಲ್ಲಿ ಬಾಲಕರೊಡನೆ ಕಾಲ ಕಳೆದವರು. ಕಾಣದ ವಸ್ತುವು ಅಂಕಿಯಲ್ಲಿ ಕಾಣಿಸುವ ಈ ಪಾಠಕ್ಕೆ ಸಮಾನವಾದುದನ್ನು ಕಪ್ಪು ಹಲಗೆಯ ಮೇಲೆ ಬರೆದು ತೋರಿಸುವುದು ಕಷ್ಟ.

ತೊಟ್ಟಿಯು ಸಿದ್ಧವಾದಮೇಲೆ ಮೊದಲು ಪಾಚಿಯನ್ನು ಮೇಯುವ ಮೂರು ನಾಲ್ಕು ಬಸವನಹುಳುಗಳನ್ನು ಬಿಡಬೇಕು. ಎರಡು ವಾರಗಳ ತರುವಾಯ ಎಳೆಯ ಕ್ಲೌನ್ ಮೀನುಗಳ ಜೋಡಿಯೊಂದನ್ನು ತರಬಹುದು. ತಂದ ಚೀಲವನ್ನು ಹಾಗೆಯೇ ಇಪ್ಪತ್ತು ನಿಮಿಷ ತೊಟ್ಟಿಯ ನೀರಿನ ಮೇಲೆ ತೇಲಿಬಿಟ್ಟು, ಶಾಖವು ಸಮನಾದಮೇಲೆ ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪವಾಗಿ ಅದಕ್ಕೆ ಸೇರಿಸುತ್ತ, ಕಡೆಗೆ ಮೀನನ್ನು ಮಾತ್ರ ಒಳಗೆ ಬಿಟ್ಟು ಚೀಲದ ನೀರನ್ನು ಚೆಲ್ಲಬೇಕು. ಈ ಮೀನಿನ ಸಂಸಾರವು ವಿಚಿತ್ರವಾದುದು. ಮರಿಗಳೆಲ್ಲವೂ ಹೆಣ್ಣಾಗದೆ ಬೆಳೆಯುವುವು. ಗುಂಪಿನಲ್ಲಿ ದೊಡ್ಡದಾದುದು ಹೆಣ್ಣಾಗಿ ಮನೆಯ ಯಜಮಾನಿಯಾಗುವುದು, ಅದರ ನಂತರದ್ದು ಗಂಡಾಗುವುದು. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗಿ ಮಾರ್ಪಡುವುದು. ನಮ್ಮ ಪುರಾಣಗಳ ಇಳನ ಕಥೆಯನ್ನು ಕೇಳಿದವರಿಗೆ ಇದು ತೀರ ಅಪರಿಚಿತವೆನಿಸದು. ಆಹಾರವನ್ನು ದಿನಕ್ಕೆ ಒಂದೆರಡು ಸಲ, ಎರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕಬೇಕು. ಬಂದವರಿಗೆ ಬಡಿಸಿ ಬಡಿಸಿ ಉಪಚರಿಸುವ ನಮ್ಮ ಮನೆಗಳ ವಾಡಿಕೆಯು ಇಲ್ಲಿ ಅಪಾಯಕರ.

ಅಣಬೆಹವಳಗಳನ್ನು ಇನ್ನೂ ಎರಡು ಮೂರು ತಿಂಗಳು ಕಳೆದಮೇಲೆ ತರುವುದು ಕ್ಷೇಮ. ಅವುಗಳಿಗೆ ನೀಲಿ ಬೆರೆತ ಎಲ್‌ಇಡಿ ಬೆಳಕು ದಿನಕ್ಕೆ ಎಂಟು ಗಂಟೆ ಬೇಕು, ರಾತ್ರಿಯಲ್ಲಿ ಕತ್ತಲೆಯೂ ಬೇಕು. ಇವುಗಳೊಡನೆ ಗುಂಡಿಯಾಕಾರದ ಹೂಗಳಂತೆ ಕಾಣುವ ಜೋಯಾಂಥಿಡ್ ಎಂಬ ಜೀವಿಗಳನ್ನೂ ಮಾರುವರು. ಅವುಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಘೋರವಾದ ವಿಷವುಂಟು. ಅಂತಹ ಕಲ್ಲನ್ನು ಶುಚಿಮಾಡಲೆಂದು ಕುದಿಸಿದುದರಿಂದ ಎದ್ದ ಆವಿಯನ್ನು ಉಸಿರಾಡಿ ಇಡೀ ಮನೆಯವರು ಅಸ್ವಸ್ಥರಾದ ಪ್ರಸಂಗಗಳು ಹೊರದೇಶಗಳಿಂದ ವರದಿಯಾಗಿರುವುವು. ಮಕ್ಕಳಿರುವ ಮನೆಯವರು ಇವುಗಳ ಸಹವಾಸಕ್ಕೇ ಹೋಗದಿರುವುದು ಲೇಸು. ಯಾವ ಹವಳದ ಕಲ್ಲನ್ನಾದರೂ ಮುಟ್ಟುವಾಗ ಕೈಗೆ ಗ್ಲೌಸು ಇರಲಿ. ಬಿಸಿನೀರು ಸೋಕಿಸಬಾರದು, ಒಣಗಿಸಿ ಉಜ್ಜಬಾರದು. ಹಾಗೆಯೇ ಮರಿಯಾಗಿದ್ದಾಗ ಬೆರಳುದ್ದವಿದ್ದು ಆಮೇಲೆ ಅಡಿಯುದ್ದ ಬೆಳೆಯುವ ನೀಲಿ ಟ್ಯಾಂಗ್ ಮೀನು ನೂರು ಲೀಟರಿನ ತೊಟ್ಟಿಗೆ ಸಲ್ಲದು, ಮಕ್ಕಳು ಎಷ್ಟು ಹಟಮಾಡಿದರೂ ಸರಿಯೆ.

ನಿತ್ಯಕರ್ಮವು ಹೆಚ್ಚಿನದಲ್ಲ. ದಿನವೂ ಆವಿಯಾದ ನೀರನ್ನು ತುಂಬುವುದು, ಶಾಖವನ್ನು ನೋಡುವುದು, ಮೀನುಗಳನ್ನು ಎಣಿಸುವುದು. ವಾರಕ್ಕೊಮ್ಮೆ ಹತ್ತು ಲೀಟರು ಹಳೆಯ ನೀರನ್ನು ತೆಗೆದು, ಮೊದಲೇ ಕಲಸಿಟ್ಟ ಹೊಸ ಉಪ್ಪುನೀರನ್ನು ಸೇರಿಸುವುದು. ವಿದ್ಯುತ್ತು ನಿಂತರೆ ನೀರಿನ ಚಲನೆಯೂ ನಿಲ್ಲುವುದರಿಂದ ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪೊಂದು ಸದಾ ಸಿದ್ಧವಾಗಿರಲಿ. ಮದುವೆಗೋ ಯಾತ್ರೆಗೋ ವಾರಗಟ್ಟಲೆ ಮನೆಗೆ ಬೀಗ ಹಾಕಿ ಹೋಗುವವರು, ತಿಳಿದವರೊಬ್ಬರಿಗೆ ಕೆಲಸವನ್ನು ಒಪ್ಪಿಸಿಯೇ ಹೊರಡಬೇಕು. ಸಾಕಿ ಬೇಸರವಾದರೆ ಜೀವಿಗಳನ್ನು ಬೇರೆ ಸಾಕಣೆಗಾರರಿಗೆ ಕೊಡಬಹುದು. ಸಮುದ್ರಕ್ಕೆ ಬಿಡುವುದು ಪುಣ್ಯವೆಂದು ಭಾವಿಸಕೂಡದು. ಪೂರ್ವಸಮುದ್ರಗಳ ಸಿಂಹಮೀನು ೧೯೮೫ರಲ್ಲಿ ಅಮೆರಿಕದ ಫ್ಲಾರಿಡಾ ತೀರದಲ್ಲಿ ಕಾಣಿಸಿಕೊಂಡು, ಈಗ ಕೆರೆಬಿಯನ್ ಕಡಲನ್ನೆಲ್ಲ ಆಕ್ರಮಿಸಿ ಅಲ್ಲಿಯ ಸಣ್ಣ ಮೀನುಗಳನ್ನು ನುಂಗುತ್ತಿರುವುದು. ಸಾಕಿದವರು ಹೊರಗೆ ಬಿಟ್ಟುದರಿಂದಲೇ ಹೀಗಾಯಿತೆಂಬುದು ತಜ್ಞರ ಅಭಿಪ್ರಾಯ.

ಇಷ್ಟನ್ನು ಓದಿ ಕೆಲವರು 'ಇಷ್ಟು ಕಷ್ಟವೆ?' ಎಂದು ಹಿಂಜರಿಯಬಹುದು. ಅವರಲ್ಲಿ ನಮಗೆ ಗೌರವವೇ ಹೊರತು ಅನಾದರವಿಲ್ಲ. ಜೀವದ ಹೊಣೆಯನ್ನು ಹೊರಲಾರೆನೆಂದು ತಿಳಿದು ಬಿಡುವವನು, ಹೊತ್ತು ಕೈಬಿಡುವವನಿಗಿಂತ ಉತ್ತಮನು. ಅಂತಹವರು ಬಿಡುವಿದ್ದಾಗ ಮಕ್ಕಳನ್ನು ಕರೆದುಕೊಂಡು ನಮ್ಮ ಕರಾವಳಿಗೆ ಹೋಗಿ, ನೀರಿಳಿದ ಹೊತ್ತಿನಲ್ಲಿ ಬಂಡೆಗಳ ಸಂದಿನ ಕೊಳಗಳನ್ನು ನೋಡಿ, ಏನನ್ನೂ ತೆಗೆಯದೆ ಬಂದರೆ ಸಾಕು. ಸಾಕುತ್ತೇನೆನ್ನುವವರಾದರೋ ಮೊದಲ ಆರು ವಾರ ಬರಿಯ ನೀರನ್ನು ಶ್ರದ್ಧೆಯಿಂದ ಸಾಕಲಿ. ಆ ನೀರು ಸಾಧುವಾದರೆ ಮೀನು ತಾನಾಗಿ ಸುಖದಿಂದಿರುವುದು. ಮೀನು ಸುಖದಿಂದಿದ್ದರೆ, ಸಂಜೆ ದೀಪ ಹಚ್ಚಿದ ಹೊತ್ತಿನಲ್ಲಿ ಮನೆಯ ಹಿರಿಯರೂ ಕಿರಿಯರೂ ಆ ಗಾಜಿನ ಮುಂದೆ ಒಟ್ಟಾಗಿ ಕುಳಿತುಕೊಳ್ಳುವರು. ಎಲ್ಲರೂ ಒಂದೇ ವಸ್ತುವನ್ನು ನೋಡುತ್ತ ಕುಳಿತುಕೊಳ್ಳುವುದು ಈ ಕಾಲದಲ್ಲಿ ಸಣ್ಣ ಲಾಭವೇನೂ ಅಲ್ಲ. ಇತ್ಯಲಂ.